ಹಿಂಗಾಲು ಎಳೆಯುವ ವಯಸ್ಸಾದ ನಾಯಿಗೆ ಅಕ್ಯುಪಂಕ್ಚರ್: ಮಾಡಿಸಬಹುದಾ, ಮಾಡಿಸುವ ಮೊದಲು ಏನೇನು ನೋಡಬೇಕು?

ಮೂರ್ನಾಡು_ತೋಟದಮನೆ
ಎಲ್ಲರಿಗೂ ನಮಸ್ಕಾರ. ಗಂಡು ಲ್ಯಾಬ್ರಡಾರ್, 11 ವರ್ಷ, 38 ಕೆಜಿ. ಮಳೆ ಹಿಡಿದ ಮೇಲೆ ಬೆಳಗ್ಗೆ ಏಳಲು ಕಷ್ಟಪಡುತ್ತಿದೆ. ಮುಂಗಾಲು ಊರಿ, ಹಿಂಭಾಗ ಎಳೆದುಕೊಂಡು ಏಳುತ್ತೆ. ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ಸ್ವಲ್ಪ ಸಡಿಲ ಆಗುತ್ತೆ. 10 ದಿನದಿಂದ ಎಡ ಹಿಂಗಾಲಿನ ಉಗುರು ನೆಲಕ್ಕೆ ಉಜ್ಜುವ ಸದ್ದು ಕೇಳಿಸುತ್ತಿದೆ. ಊಟ, ಮೂತ್ರ, ಮಲ ಎಲ್ಲ ಸರಿ ಇದೆ. ಎಕ್ಸ್‌ರೇಯಲ್ಲಿ ಎರಡೂ ಕಡೆಯ ಸೊಂಟದ ಕೀಲು ಸವೆದಿದೆ, ಕೆಳಬೆನ್ನಿನ ಮೂಳೆಗಳಲ್ಲಿ ಮುಳ್ಳು ಬೆಳೆದಿದೆ ಅಂದರು. ನೋವಿನ ಔಷಧ ಮೆಲಾಕ್ಸಿಕ್ಯಾಮ್ 5 ದಿನ ಕೊಟ್ಟಾಗ ಚೆನ್ನಾಗಿತ್ತು. ಆಮೇಲೆ ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ 1.9 ಬಂದಿದ್ದರಿಂದ ನಿಲ್ಲಿಸಿದರು.

ಈಗ ಅಕ್ಯುಪಂಕ್ಚರ್ ಮಾಡಿಸಿ ಅಂತ ಒಬ್ಬರು ಹೇಳುತ್ತಿದ್ದಾರೆ. ಅದರಿಂದ ನಿಜವಾಗಿ ಪ್ರಯೋಜನ ಇದೆಯಾ? ಎಷ್ಟು ಸಲ ಬೇಕು? ಮನುಷ್ಯರಿಗೆ ಸೂಜಿ ಹಾಕುವವರು ನಾಯಿಗೂ ಹಾಕುತ್ತೇನೆ ಅಂದರೆ ಒಪ್ಪಬಹುದಾ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಕುಶಾಲನಗರ_ಪಶುವೈದ್ಯ
ಸೂಜಿ ವಿಚಾರ ಆಮೇಲೆ. ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ. ಎದ್ದಾಗ ಬಿಗಿ, ನಡೆದ ಮೇಲೆ ಸಡಿಲ ಅಂದರೆ ಕೀಲಿನ ನೋವು. ಉಗುರು ಉಜ್ಜುವುದು ಮಾತ್ರ ಬರೀ ನೋವಿನ ಲಕ್ಷಣ ಅಲ್ಲ, ನರದ ಕಡೆ ಕೈ ತೋರಿಸುತ್ತೆ. ಕೀಲು ನೋಯುವ ನಾಯಿ ಕಾಲನ್ನು ಎಚ್ಚರಿಕೆಯಿಂದ ಇಡುತ್ತೆ. ಕಾಲು ಎಲ್ಲಿದೆ ಅಂತಲೇ ಗೊತ್ತಾಗದ ನಾಯಿ ಅದನ್ನು ಎಳೆಯುತ್ತೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಜಾರದ ನೆಲದ ಮೇಲೆ, ಗೋಣಿಚೀಲ ಹಾಸಿದರೂ ಸಾಕು, ನಾಯಿಯನ್ನು ನಿಲ್ಲಿಸಿ. ಒಬ್ಬರು ಹೊಟ್ಟೆಯ ಕೆಳಗೆ ಕೈ ಕೊಟ್ಟು ಹಿಂಭಾಗದ ಭಾರ ಅರ್ಧ ಹೊರಬೇಕು. ಇನ್ನೊಬ್ಬರು ಹಿಂಗಾಲಿನ ಪಾದವನ್ನು ಮಗುಚಿ, ಪಾದದ ಮೇಲ್ಭಾಗ ನೆಲಕ್ಕೆ ತಾಗುವ ಹಾಗೆ ಇಟ್ಟು ಕೈ ಬಿಡಬೇಕು. ಸರಿಯಿರುವ ನಾಯಿ ಆ ಕ್ಷಣದಲ್ಲೇ ಪಾದ ತಿರುಗಿಸಿಕೊಳ್ಳುತ್ತೆ. ಒಂದೆರಡು ಸೆಕೆಂಡ್ ಹಾಗೇ ನಿಂತರೆ ಬೆನ್ನುಹುರಿಯಿಂದ ಆ ಕಾಲಿಗೆ ಹೋಗುವ ದಾರಿಯಲ್ಲಿ ಎಲ್ಲೋ ತೊಂದರೆ ಇದೆ ಅಂತ ಲೆಕ್ಕ. ಎರಡೂ ಕಾಲಿಗೆ ಮೂರು ಮೂರು ಸಲ ಮಾಡಿ, ಸಾಧ್ಯವಾದರೆ ವಿಡಿಯೊ ತೆಗೆಯಿರಿ. ಉಗುರಿನ ತುದಿಯನ್ನೂ ನೋಡಿ. ನಡುವಿನ ಎರಡು ಉಗುರು ಮೇಲ್ಭಾಗದಿಂದ ಓರೆಯಾಗಿ ಸವೆದಿದ್ದರೆ ಕಾಲು ಎಳೆಯಲು ಶುರುವಾಗಿ 10 ದಿನಕ್ಕಿಂತ ಹೆಚ್ಚೇ ಆಗಿದೆ.

ಎಕ್ಸ್‌ರೇಯ ಮುಳ್ಳು ನೋಡಿ ಗಾಬರಿಯಾಗಬೇಡಿ. ವಯಸ್ಸಾದ ದೊಡ್ಡ ನಾಯಿಗಳಲ್ಲಿ ಅದು ಸಾಮಾನ್ಯ, ಎಷ್ಟೋ ಸಲ ಏನೂ ತೊಂದರೆ ಕೊಡುವುದಿಲ್ಲ. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್ ಆಗಲಿ, ಬೆನ್ನುಹುರಿ ಆಗಲಿ ಸಾದಾ ಎಕ್ಸ್‌ರೇಯಲ್ಲಿ ಕಾಣಿಸುವುದಿಲ್ಲ.

ವಿರಾಜಪೇಟೆ_ಪಗ್
ಸೂಜಿ ಹಾಕುವಾಗ ನಾಯಿಗೆ ನೋಯಲ್ವಾ? ಅರಿವಳಿಕೆ ಕೊಡ್ತಾರಾ?

ಸೂಜಿ_ವೈದ್ಯೆ_ಮೈಸೂರು
ಅರಿವಳಿಕೆ ಬೇಡ. ಇಂಜೆಕ್ಷನ್ ಸೂಜಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇದು ಒಳಗೆ ತೂತಿಲ್ಲದ, ತುದಿ ಕತ್ತರಿಸದ ಸ್ಟೀಲ್ ಎಳೆ. ನಾಯಿಗೆ 0.20ರಿಂದ 0.25 ಮಿ.ಮೀ. ದಪ್ಪದ್ದು, ಉದ್ದ 13ರಿಂದ 25 ಮಿ.ಮೀ. ಬೆಕ್ಕಿಗೆ ಇನ್ನೂ ಸಣ್ಣ, 0.16 ಅಥವಾ 0.18. ಚರ್ಮ ದಾಟುವಾಗ ಒಂದು ಚಿಟಿಕೆಯಷ್ಟು ಅನಿಸಬಹುದು. ಬೆನ್ನಿನ ಮೇಲೆ ಎಷ್ಟೋ ನಾಯಿಗಳಿಗೆ ಗೊತ್ತೇ ಆಗುವುದಿಲ್ಲ. ಕಾಲ್ಬೆರಳಿನ ಸಂದಿಗೆ ಹಾಕುವಾಗ ಮಾತ್ರ ಬಹಳ ನಾಯಿಗಳು ಕಾಲು ಎಳೆದುಕೊಳ್ಳುತ್ತವೆ. ಅದಕ್ಕೇ ಅದನ್ನು ಕೊನೆಗೆ ಹಾಕುವುದು.

ಮೂರ್ನಾಡಿನವರು ಹೇಳುವಂಥ ನಾಯಿಗೆ ಸಾಮಾನ್ಯವಾಗಿ ಹೀಗೆ ಮಾಡುತ್ತೇವೆ. ಮೊದಲ ಸೂಜಿ ನಡುನೆತ್ತಿಗೆ, ಅದು ಶಾಂತವಾಗಲು. ಎರಡನೆಯದು ಬಾಯ್ ಹುಯ್ ಅನ್ನುವ ಬಿಂದುವಿಗೆ. ಹೆಬ್ಬೆರಳು ಮತ್ತು ನಡುಬೆರಳನ್ನು ಸೊಂಟದ ಎರಡೂ ಕಡೆಯ ಮೂಳೆಯ ಏಣಿನ ಮೇಲೆ ಇಟ್ಟು ತೋರುಬೆರಳನ್ನು ನಡುವೆ ಹಿಂದಕ್ಕೆ ಜಾರಿಸಿದರೆ ಒಂದು ಹಳ್ಳ ಸಿಗುತ್ತೆ. ಸೊಂಟದ ಭಾಗದ ಕೊನೆಯ ಬೆನ್ನುಮೂಳೆ ಮತ್ತು ಅದರ ಹಿಂದಿನ ತ್ರಿಕೋನ ಮೂಳೆ, ಅಂದರೆ ತ್ರಿಕಾಸ್ಥಿ, ಸೇರುವ ಜಾಗ ಅದು, ಬಾಯ್ ಹುಯ್ ಅಲ್ಲೇ. ಆಮೇಲೆ ಬೆನ್ನುಮೂಳೆಯ ಎರಡೂ ಪಕ್ಕ ನೋವಿರುವ ಮಟ್ಟದಲ್ಲಿ ಜೋಡಿ ಜೋಡಿಯಾಗಿ. ಮೊಣಕಾಲಿನ ಕೆಳಗೆ, ಕಣಕಾಲಿನ ಮೂಳೆಯ ಏಣಿನ ಹೊರಮಗ್ಗುಲ ಸ್ನಾಯುವಿನಲ್ಲಿ ಎಸ್‌ಟಿ-36 ಅನ್ನುವ ಬಿಂದು. ಹಿಮ್ಮಡಿಯ ಸ್ನಾಯುರಜ್ಜು ಮತ್ತು ಮೂಳೆಯ ನಡುವಿನ ತೆಳು ಚರ್ಮದಲ್ಲಿ ಬಿಎಲ್-60 ಅನ್ನುವ ಬಿಂದು. ಪಾದ ಮಗುಚುವ ಕಾಲಾದರೆ ಬೆರಳ ಸಂದಿಗಳಲ್ಲಿ 3ರಿಂದ 5 ಮಿ.ಮೀ. ಆಳಕ್ಕೆ. ಒಟ್ಟು 10ರಿಂದ 20 ಸೂಜಿ, 15ರಿಂದ 30 ನಿಮಿಷ.

ನರದ ತೊಂದರೆ ಇದ್ದರೆ ಸೂಜಿಗಳಿಗೆ ಕ್ಲಿಪ್ ಹಾಕಿ ಸಣ್ಣ ವಿದ್ಯುತ್ ಕೊಡುತ್ತೇವೆ. ಸುಮಾರು 20 ಹರ್ಟ್ಸ್‌ನಲ್ಲಿ 10 ನಿಮಿಷ, 80ರಿಂದ 120ರಲ್ಲಿ ಇನ್ನು 10 ನಿಮಿಷ. ಸ್ನಾಯು ಮೆಲ್ಲಗೆ ಮಿಡಿಯಬೇಕು ಅಷ್ಟೆ, ನಾಯಿ ಬೆದರಿ ತಿರುಗಿ ನೋಡಿದರೆ ಜಾಸ್ತಿಯಾಯಿತು ಅಂತ ಅರ್ಥ.

ವಾರಕ್ಕೊಂದರಂತೆ 4ರಿಂದ 6 ಸಲ. ನಾಲ್ಕಾದರೂ ಏನೂ ಬದಲಾವಣೆ ಇಲ್ಲದಿದ್ದರೆ ಮುಂದುವರಿಸುವುದು ತಪ್ಪು. ರೋಗ ಗುರುತಿಸುವುದರಲ್ಲೇ ಏನಾದರೂ ತಪ್ಪಿದೆಯಾ ಅಂತ ಮೊದಲಿನಿಂದ ನೋಡಬೇಕು.

ಲೆಕ್ಕ_ಕೇಳುವವ
ಒಂದು ಮಾತು ನೇರವಾಗಿ ಕೇಳುತ್ತೇನೆ. ಇದಕ್ಕೆ ಪುರಾವೆ ಎಷ್ಟಿದೆ? ಪ್ರಾಣಿಗಳ ಅಕ್ಯುಪಂಕ್ಚರ್ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ 2006ರ ವಿಮರ್ಶೆ, ಮಾಡಿ ಅಂತ ಶಿಫಾರಸು ಮಾಡಲೂ ಬೇಡ ಅಂತ ತಳ್ಳಿಹಾಕಲೂ ಗಟ್ಟಿ ಆಧಾರ ಇಲ್ಲ ಅಂತ ಹೇಳಿತು. ನಾಯಿಗೆ ಸಕ್ಕರೆ ಗುಳಿಗೆಯ ಪರಿಣಾಮ (ಪ್ಲಸೀಬೊ) ಇರಲ್ಲ ಅಂತ ಹೇಳುವವರು ಒಂದು ವಿಷಯ ಮರೆಯುತ್ತಾರೆ, ಆ ಪರಿಣಾಮ ಸಾಕಿದವರ ಕಣ್ಣಿನಲ್ಲಿರುತ್ತೆ. ಕುಂಟುವ ನಾಯಿಗಳಿಗೆ ಔಷಧವೇ ಇಲ್ಲದ ಗುಳಿಗೆ ಕೊಟ್ಟು, ಕಾಲಿನ ಭಾರವನ್ನು ಯಂತ್ರದಲ್ಲಿ ಅಳೆದ ಅಧ್ಯಯನ 2012ರಲ್ಲಿ ಬಂತು. ಯಂತ್ರ ಏನೂ ಬದಲಾಗಿಲ್ಲ ಅಂದಾಗಲೂ ಸಾಕಿದವರಲ್ಲಿ ಬಹಳ ಜನ ಸುಧಾರಿಸಿದೆ ಅಂದರು. ಪಶುವೈದ್ಯರೂ ಹಾಗೇ ಅಂದರು.

ಸೂಜಿ_ವೈದ್ಯೆ_ಮೈಸೂರು
ಒಪ್ಪುತ್ತೇನೆ ಸರ್, ಆ ಪ್ರಶ್ನೆ ಬೇಕೇ ಬೇಕು. ಅದಕ್ಕೇ ಮೊದಲ ದಿನವೇ ಅಳತೆ ಬರೆದಿಡಿ ಅಂತ ಹೇಳುವುದು. ಆದರೆ ಏನೂ ಇಲ್ಲ ಅನ್ನುವ ಹಾಗೂ ಇಲ್ಲ. ಬೆನ್ನಿನ ಡಿಸ್ಕ್ ಜಾರಿ ಹಿಂಗಾಲು ಹೋದ ನಾಯಿಗಳ ಬಗ್ಗೆ ಬ್ರೆಜಿಲ್‌ನಿಂದ 2010ರಲ್ಲಿ ಬಂದ ಅಧ್ಯಯನದಲ್ಲಿ, ವಿದ್ಯುತ್ ಸೂಜಿ ಮಾಡಿದ 19 ನಾಯಿಗಳಲ್ಲಿ 15 ಚೇತರಿಸಿಕೊಂಡವು. ಬರೀ ಶಸ್ತ್ರಚಿಕಿತ್ಸೆಯಾದ 10ರಲ್ಲಿ 4, ಎರಡೂ ಆದ 11ರಲ್ಲಿ 8. ಅದೇ 2010ರಲ್ಲಿ ಇಲಿಗಳ ಮೇಲೆ ಮಾಡಿದ ಕೆಲಸದಲ್ಲಿ, ಇದೇ ಎಸ್‌ಟಿ-36ರಲ್ಲಿ ಸೂಜಿ ಹಾಕಿ ತಿರುಗಿಸಿದಾಗ ಆ ಜಾಗದಲ್ಲಿ ಅಡೆನೊಸಿನ್ ಅನ್ನುವ ರಾಸಾಯನಿಕ ಏರಿ ನೋವು ಕಡಿಮೆಯಾಗುವುದು ಕಂಡಿತು. ಅಡೆನೊಸಿನ್ ಹಿಡಿಯುವ ಗ್ರಾಹಿಯೇ ಇಲ್ಲದ ಇಲಿಗಳಲ್ಲಿ ಆ ಪರಿಣಾಮ ಕಾಣಲಿಲ್ಲ.

ಲೆಕ್ಕ_ಕೇಳುವವ
ಬ್ರೆಜಿಲ್ ಅಧ್ಯಯನ ಎದುರು ತಂದಿರಲ್ಲ, ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಶಸ್ತ್ರಚಿಕಿತ್ಸೆಯ ಗುಂಪನ್ನು ಹಳೆಯ ಕಡತದಿಂದ ತೆಗೆದದ್ದು, ಚೀಟಿ ಎತ್ತಿ ಹಂಚಿದ ಗುಂಪಲ್ಲ. ನಾಯಿಗಳೆಲ್ಲ ತೊಂದರೆ ಶುರುವಾಗಿ ಬಹಳ ಹೊತ್ತಾದವು, ಅಷ್ಟು ತಡವಾದರೆ ಶಸ್ತ್ರಚಿಕಿತ್ಸೆ ಫಲ ಕೊಡುವುದು ಕಡಿಮೆಯೇ. ಇದನ್ನು ಓದಿ ಯಾರಾದರೂ ಇವತ್ತು ಕಾಲು ಬಿದ್ದ ನಾಯಿಗೆ ಶಸ್ತ್ರಚಿಕಿತ್ಸೆ ಬಿಟ್ಟು ಸೂಜಿ ಹಿಡಿದರೆ ನಾಯಿ ಹೋಗುತ್ತೆ.

ಕುಶಾಲನಗರ_ಪಶುವೈದ್ಯ
ಈ ಕೊನೆಯ ಸಾಲು ಬಹಳ ಮುಖ್ಯ. ಡ್ಯಾಷ್‌ಹಂಡ್, ಪಗ್, ಬೀಗಲ್ ಸಾಕಿದವರು ಗಮನಿಸಿ. ನಿನ್ನೆ ಓಡುತ್ತಿದ್ದ ನಾಯಿ ಇವತ್ತು ಎರಡೂ ಹಿಂಗಾಲು ಎಳೆಯುತ್ತಿದ್ದರೆ, ನಾವು ಕಾಲ್ಬೆರಳಿನ ಮೂಳೆಯನ್ನು ಇಕ್ಕಳದಲ್ಲಿ ಒತ್ತಿ ನೋಡುತ್ತೇವೆ. ಕಾಲು ಹಿಂದೆ ಎಳೆದುಕೊಂಡಿತು ಅನ್ನುವುದು ಲೆಕ್ಕಕ್ಕಿಲ್ಲ, ಅದು ಬೆನ್ನುಹುರಿಯೇ ಮಾಡುವ ಕೆಲಸ. ತಲೆ ತಿರುಗಿಸಿ ನೋಡಬೇಕು, ಕೂಗಬೇಕು, ಕಚ್ಚಲು ಬರಬೇಕು. ಅದ್ಯಾವುದೂ ಇಲ್ಲ ಅಂದರೆ 24ರಿಂದ 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗಬೇಕು, ಆಗಲೂ ಖಾತ್ರಿ ಕೊಡಲು ಬರುವುದಿಲ್ಲ. ಆ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ. ಸೀದಾ ಗಾಡಿ ಹತ್ತಿಸಿ.

ಹತ್ತಿಸುವಾಗ ಎತ್ತಿ ಹೆಗಲಿಗೆ ಹಾಕಿಕೊಳ್ಳಬೇಡಿ. ಪ್ಲೈವುಡ್ ಹಲಗೆ ಇಲ್ಲವೇ ಗಟ್ಟಿ ರಟ್ಟಿನ ಮೇಲೆ ಜಾರಿಸಿ, ಭುಜ ಮತ್ತು ಸೊಂಟದ ಹತ್ತಿರ ಪಂಚೆ ಸುತ್ತಿ ಕಟ್ಟಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಇಳಿಜಾರಿನ ತಿರುವುಗಳಲ್ಲಿ ನಾಯಿ ಹೊರಳಿದರೆ ಉಳಿದ ಡಿಸ್ಕೂ ಹೊರಗೆ ಬರುತ್ತೆ.

ನಾಪೋಕ್ಲು_ಲ್ಯಾಬ್
ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಸೂಜಿಗೆ ಮುಂಚೆ ಪ್ಲೇಟ್‌ಲೆಟ್ ನೋಡಿಸಿ. ತೋಟದ ನಾಯಿಗಳಿಗೆ ಉಣ್ಣಿ ಜ್ವರ ಎಷ್ಟು ಸಾಮಾನ್ಯ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಉಣ್ಣಿಯಿಂದ ಬರುವ ಎರ್ಲಿಕಿಯಾ ರೋಗಾಣು ಇದ್ದರೆ ಪ್ಲೇಟ್‌ಲೆಟ್ ಕುಸಿಯುತ್ತೆ, ನಾಯಿ ಊಟ ಮಾಡಿಕೊಂಡು ಓಡಾಡಿಕೊಂಡೇ ಇರಬಹುದು. ಕೀಲು ನೋವು, ಬಿಗಿ ನಡಿಗೆ ಕೂಡ ಅದರಿಂದಲೇ ಬರಬಹುದು. ಅಂದರೆ ಸವೆತ ಅಂದುಕೊಂಡದ್ದು ಉಣ್ಣಿ ರೋಗ ಆಗಿರಬಹುದು.

ಆರೋಗ್ಯವಂತ ನಾಯಿಯಲ್ಲಿ ಮೈಕ್ರೊಲೀಟರಿಗೆ ಸುಮಾರು 2ರಿಂದ 5 ಲಕ್ಷ. 50 ಸಾವಿರದ ಆಸುಪಾಸಿಗೆ ಇಳಿದರೆ ಸೂಜಿ ಬೇಡವೇ ಬೇಡ. ಯಂತ್ರದ ಸಂಖ್ಯೆಯೊಂದನ್ನೇ ನಂಬಬೇಡಿ. ರಕ್ತ ತೆಗೆಯುವಾಗ ತಡವಾದರೆ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ ಯಂತ್ರ ಕಡಿಮೆ ತೋರಿಸುತ್ತೆ. ಸ್ಲೈಡ್ ಮಾಡಿ, ಎಣ್ಣೆ ಹಾಕಿ ನೋಡುವ 100ರ ಲೆನ್ಸ್‌ನಲ್ಲಿ ಹತ್ತು ಜಾಗ ಎಣಿಸಿ, ಸರಾಸರಿಯನ್ನು 15,000ದಿಂದ ಗುಣಿಸಿ. ಸ್ಲೈಡಿನ ಗರಿಯಂಥ ಅಂಚಿನಲ್ಲಿ ಗುಂಪು ಇದೆಯಾ ಅಂತಲೂ ನೋಡಬೇಕು.

ಮನೆಯಲ್ಲಿ ನೋಡುವುದಾದರೆ ತುಟಿ ಎತ್ತಿ ವಸಡು ನೋಡಿ, ಮಗುಚಿ ಕೆಳಹೊಟ್ಟೆ ನೋಡಿ. ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಇದ್ದು, ಬೆರಳಲ್ಲಿ ಒತ್ತಿದರೂ ಮಾಯವಾಗದಿದ್ದರೆ ಅವತ್ತೇ ರಕ್ತ ಕೊಡಿ.

ಸೂಜಿ_ವೈದ್ಯೆ_ಮೈಸೂರು
ನಾಪೋಕ್ಲು ಅಣ್ಣ, ಒಳ್ಳೆ ಮಾತು. ಇನ್ನೊಂದಿಷ್ಟು ಸೇರಿಸುತ್ತೇನೆ. ಗಡ್ಡೆಯ ಮೇಲೆ, ಕೀವಾದ ಅಥವಾ ಹುಳುಕಡ್ಡಿಯಾದ ಚರ್ಮದ ಮೇಲೆ ಸೂಜಿ ಹಾಕಬಾರದು. ಮಳೆಗಾಲದಲ್ಲಿ ತೇವ ಆರದ ಕೂದಲಡಿ ಹುಣ್ಣು ಇರುತ್ತೆ, ಕೂದಲು ಬಿಡಿಸಿ ನೋಡಿಯೇ ಹಾಕಬೇಕು. ಫಿಟ್ಸ್ ಇರುವ ನಾಯಿಗೆ ವಿದ್ಯುತ್ ಬೇಡ. ವಿದ್ಯುತ್ತಿನ ಎರಡು ತಂತಿ ಎದೆಯ ಆಚೆ ಈಚೆ ಬರುವ ಹಾಗೆ ಕಟ್ಟಬಾರದು. ಪಕ್ಕೆಲುಬಿನ ಮೇಲೆ ನೇರ ಆಳಕ್ಕೆ ಹೋಗಬಾರದು, ಶ್ವಾಸಕೋಶ ಚುಚ್ಚಿ ಎದೆಯೊಳಗೆ ಗಾಳಿ ತುಂಬುತ್ತೆ. ಗಬ್ಬದ ನಾಯಿಗೆ ಕೆಳಬೆನ್ನು, ಹೊಟ್ಟೆಯ ಬಿಂದುಗಳು ಬೇಡ.

ಪೊನ್ನಂಪೇಟೆ_ನಾಯಿಗೂಡು
ಮನುಷ್ಯರಿಗೆ ಸೂಜಿ ಹಾಕುವವರ ಬಗ್ಗೆ ಕೇಳಿದ್ದರಲ್ಲ. ಅವರು ಎಷ್ಟೇ ನುರಿತವರಾದರೂ ಬೇಡ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಪ್ರಾಣಿಗಳಿಗೆ ಚಿಕಿತ್ಸೆ ಮಾಡುವುದು ನೋಂದಾಯಿತ ಪಶುವೈದ್ಯರ ಕೆಲಸ. ಕಾನೂನು ಪಕ್ಕಕ್ಕಿಟ್ಟರೂ ದೇಹವೇ ಬೇರೆ. ಮನುಷ್ಯನಿಗೆ ಸೊಂಟದ ಭಾಗದ ಬೆನ್ನುಮೂಳೆ 5, ನಾಯಿಗೆ 7. ಪಕ್ಕೆಲುಬು ನಮಗೆ 12 ಜೊತೆ, ಅದಕ್ಕೆ 13. ಮನುಷ್ಯನ ಪಟ ನೋಡಿ ಎಣಿಸಿದರೆ ಬೇರೆಲ್ಲೋ ಹೋಗುತ್ತೆ. ಪಶುವೈದ್ಯರನ್ನೂ ಕೇಳಿ: ರಾಜ್ಯ ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಇದೆಯಾ, ಪ್ರಾಣಿಗಳ ಅಕ್ಯುಪಂಕ್ಚರ್ ತರಬೇತಿ ಎಲ್ಲಿ ಆಯಿತು. ಇದಕ್ಕೇ ಮೀಸಲಾದ ಅಂತರರಾಷ್ಟ್ರೀಯ ಪಶುವೈದ್ಯಕೀಯ ಅಕ್ಯುಪಂಕ್ಚರ್ ಸಂಘ 1974ರಿಂದ ಇದೆ, ಅಮೆರಿಕದ ಫ್ಲಾರಿಡಾದ ಚಿ ವಿಶ್ವವಿದ್ಯಾಲಯವೂ (ಮೊದಲು ಚಿ ಸಂಸ್ಥೆ) ಕೋರ್ಸ್ ನಡೆಸುತ್ತೆ. ಕೇಳಿದರೆ ಬೇಸರ ಮಾಡಿಕೊಳ್ಳುವವರ ಹತ್ತಿರ ಹೋಗಬೇಡಿ.

ದುಬಾರೆ_ದಾರಿ
ಮಾವುತರು ಆನೆಯ ಮೈಮೇಲೆ ಮರ್ಮದ ಜಾಗ ಒತ್ತುತ್ತಾರಲ್ಲ, ಅದೂ ಇದೇ ತಾನೇ?

ಕುಶಾಲನಗರ_ಪಶುವೈದ್ಯ
ಬೇರೆ. ಅಂಕುಶದಿಂದ ಒತ್ತುವುದು ಆನೆಗೆ ಸೂಚನೆ ಕೊಡಲು: ಕೂರು, ತಿರುಗು, ನಿಲ್ಲು. ಚರ್ಮ ತೆಳುವಿರುವ, ಸೂಕ್ಷ್ಮ ಜಾಗಗಳನ್ನು ಅವರು ತಲೆಮಾರುಗಳಿಂದ ಬಲ್ಲರು. ಅದು ಆಳುವ ವಿದ್ಯೆ, ಚಿಕಿತ್ಸೆಯ ಲೆಕ್ಕಕ್ಕೆ ಬರುವುದಿಲ್ಲ.

ಸೋಮವಾರಪೇಟೆ_ಬೆಕ್ಕಿನಮನೆ
ಬೆಕ್ಕಿಗೂ ಇದೇ ಲೆಕ್ಕವಾ? ಹಿಂಗಾಲು ಎಳೆದರೆ ಸೂಜಿ?

ಕುಶಾಲನಗರ_ಪಶುವೈದ್ಯ
ಅಕ್ಕ, ಬೆಕ್ಕು ಇದ್ದಕ್ಕಿದ್ದಂತೆ ಕಿರುಚಿ ಹಿಂಗಾಲು ಬಿಟ್ಟರೆ ಮೊದಲು ಪಾದ ಮುಟ್ಟಿ ನೋಡಿ. ಮುಂಗಾಲಿಗಿಂತ ತಣ್ಣಗಿದ್ದು, ಗುಲಾಬಿ ಮೆತ್ತೆ ನೀಲಿ ತಿರುಗಿದ್ದರೆ ಹೃದಯದಿಂದ ಬಂದ ಹೆಪ್ಪು ರಕ್ತನಾಳಕ್ಕೆ ಅಡ್ಡ ಬಿದ್ದಿದೆ. ಅದು ತುರ್ತು, ಸೂಜಿಯಿಂದ ಏನೂ ಆಗುವುದಿಲ್ಲ. ಇನ್ನೊಂದು, ಬೆಕ್ಕಿಗೆ ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆಯೂ ಬೇಡ. ಅದು ಸಾಯಿಸುತ್ತೆ.

ಗೋಣಿಕೊಪ್ಪ_ಔಷಧಿ
ಈ ಮಾತನ್ನು ಮಳೆಗಾಲ ಪೂರ್ತಿ ಹೇಳಬೇಕಾಗಿದೆ. ನಾಯಿಗೆ ಮನುಷ್ಯರ ನೋವಿನ ಮಾತ್ರೆ, ಅಂದರೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ ಟಾರಿನಂಥ ಕಪ್ಪು ಮಲ ಬರುತ್ತೆ, ಮೂತ್ರಪಿಂಡ ಹೋಗುತ್ತೆ. ಡೈಕ್ಲೊಫೆನಾಕ್ ಪಶು ಬಳಕೆಗೆ ನಮ್ಮಲ್ಲಿ 2006ರಿಂದ ನಿಷೇಧ ಇದೆ. ಅದು ರಣಹದ್ದುಗಳ ಕಾರಣಕ್ಕೆ, ಆದರೆ ನಾಯಿಗೂ ಅದು ಬೇಡದ ಔಷಧವೇ. ಮೆಲಾಕ್ಸಿಕ್ಯಾಮ್ ನಾಯಿಗೆ ಮೊದಲ ದಿನ ಕೆಜಿಗೆ 0.2 ಮಿ.ಗ್ರಾಂ., ಆಮೇಲೆ ದಿನಕ್ಕೆ 0.1, ಊಟದ ಜೊತೆ, ಡಾಕ್ಟರ್ ಬರೆದರೆ ಮಾತ್ರ. ಸ್ಟಿರಾಯ್ಡ್ ನಡೆಯುತ್ತಿದ್ದರೆ ಇದನ್ನು ಸೇರಿಸಬಾರದು.

ಕುಶಾಲನಗರ_ಪಶುವೈದ್ಯ
ಹೌದು. ಮೂರ್ನಾಡಿನವರ ನಾಯಿಗೆ ಕ್ರಿಯಾಟಿನಿನ್ 1.9 ಅಂದರೆ ಮೂತ್ರಪಿಂಡದ ರೋಗದ ಎರಡನೇ ಹಂತಕ್ಕೆ ಸೇರುವ ಸಂಖ್ಯೆ. ನೀರು ಕುಡಿಯದೆ ಒಣಗಿದ್ದಾಗಲೂ ಅಷ್ಟು ಬರಬಹುದು. ಬೆಳಗಿನ ಮೊದಲ ಮೂತ್ರ ಹಿಡಿದು ಸಾಂದ್ರತೆ ಮತ್ತು ಪ್ರೊಟೀನ್ ನೋಡಿಸಿ, ಮೂರು ವಾರ ಬಿಟ್ಟು ರಕ್ತ ಮತ್ತೆ ನೋಡಿಸಿ. ನೋವಿನ ಮಾತ್ರೆ ಹಾಕಲಾಗದ ಇಂಥ ನಾಯಿಗಳಲ್ಲೇ ಸೂಜಿ ಚಿಕಿತ್ಸೆಗೆ ನಿಜವಾದ ಜಾಗ ಇರುವುದು. ನರದ ನೋವಿನ ಔಷಧ ಗ್ಯಾಬಪೆಂಟಿನ್ ಕೊಡಬಹುದು, ಅದೂ ಮೂತ್ರಪಿಂಡದಿಂದಲೇ ಹೊರಹೋಗುವುದರಿಂದ ಪ್ರಮಾಣ ಇಳಿಸಬೇಕು. ಮನುಷ್ಯರ ಗ್ಯಾಬಪೆಂಟಿನ್ ಸಿರಪ್ಪಿನಲ್ಲಿ ಕೆಲವಕ್ಕೆ ಜೈಲಿಟಾಲ್ ಸಿಹಿ ಹಾಕಿರುತ್ತಾರೆ, ನಾಯಿಗೆ ಅದು ವಿಷ. ಕ್ಯಾಪ್ಸೂಲ್ ಮಾತ್ರ.

ಸುಂಟಿಕೊಪ್ಪ_ವ್ಯಾಯಾಮ
ಎಲ್ಲರೂ ಸೂಜಿ, ಔಷಧ ಅಂತಿದ್ದೀರಿ. ನೆಲ ನೋಡಿದಿರಾ? ನಮ್ಮ ಕಡೆಯ ಹಳೆ ಮನೆಗಳ ರೆಡ್ ಆಕ್ಸೈಡ್ ನೆಲ ಮಳೆಗಾಲದಲ್ಲಿ ಬೆವರುತ್ತೆ. ಹಿಂಗಾಲು ಜಾರದಿರಲು ನಾಯಿ ದಿನವಿಡೀ ತೊಡೆ ಬಿಗಿ ಹಿಡಿದು ನಿಲ್ಲಬೇಕು. ವಾರಕ್ಕೊಮ್ಮೆ ಅರ್ಧ ಗಂಟೆ ಸೂಜಿ ಹಾಕಿಸಿ ಉಳಿದ ವಾರ ಪೂರ್ತಿ ಜಾರುವ ನೆಲದಲ್ಲಿ ಬಿಟ್ಟರೆ ಸುಧಾರಣೆ ಎಲ್ಲಿಂದ ಬರಬೇಕು? ಮಲಗುವ ಜಾಗದಿಂದ ಊಟದ ತಟ್ಟೆ, ಬಾಗಿಲು, ಈ ದಾರಿಗಾದರೂ ತೆಂಗಿನ ನಾರಿನ ಮ್ಯಾಟ್ ಅಥವಾ ರಬ್ಬರ್ ಶೀಟ್ ಹಾಸಿ. ಪಾದದ ಮೆತ್ತೆಗಳ ನಡುವಿನ ಕೂದಲು ಕತ್ತರಿಸಿ. ನಾಯಿ ನಿಂತಾಗ ಉಗುರು ನೆಲಕ್ಕೆ ತಾಗುತ್ತಿದ್ದರೆ ಉದ್ದ ಆಯಿತು ಅಂತ ತಿಳಿಯಿರಿ.

ಮಲಗಲು ನೆಲದಿಂದ ಒಂದು ಗೇಣು ಎತ್ತರದ ಗೋಣಿ ಮಂಚ, ಮೇಲೆ 3 ಇಂಚು ದಪ್ಪದ ಗಟ್ಟಿ ಫೋಮ್. ಕಾಫಿ ಸಿಪ್ಪೆ ತುಂಬಿದ ದಿಂಬು ಬೆಚ್ಚಗಿರುತ್ತೆ ಅಂತ ಹಾಕುವುದುಂಟು, ಬೇಡ. ತೇವಕ್ಕೆ ಬೂಷ್ಟು ಹಿಡಿಯುತ್ತೆ, ಹರಿದು ತಿಂದರೆ ಕೆಫೀನ್ ಹೊಟ್ಟೆಗೆ ಹೋಗುತ್ತೆ. ಕಾಫಿ ಕಣ ಪಾಚಿಗಟ್ಟಿರುವ ತಿಂಗಳುಗಳಲ್ಲಿ ಅಲ್ಲಿ ನಡೆಸಬೇಡಿ. ಜೀಪಿನ ಹಿಂದಿನಿಂದ ಹಾರಿಸುವುದನ್ನು ಇವತ್ತೇ ನಿಲ್ಲಿಸಿ.

ವ್ಯಾಯಾಮ: ಕುಳಿತು ಏಳಿಸುವುದು 5 ಸಲ, ದಿನಕ್ಕೆ ಎರಡು ಹೊತ್ತು, ಹಿಂಭಾಗ ಗೋಡೆಗೆ ತಾಗಿಸಿ ಕೂರಿಸಿದರೆ ಕಾಲು ಹೊರಗೆ ಚಾಚುವುದಿಲ್ಲ. ನಡಿಗೆ ಒಂದೇ ಸಲ ಅರ್ಧ ಗಂಟೆ ಬೇಡ, ಹತ್ತು ಹತ್ತು ನಿಮಿಷ ಮೂರು ಸಲ, ಹಗ್ಗ ಹಿಡಿದು ನಿಧಾನವಾಗಿ. ನಿಧಾನ ನಡೆದರೆ ಪ್ರತಿ ಕಾಲನ್ನೂ ಊರಲೇಬೇಕಾಗುತ್ತೆ. ಪಾದ ಎತ್ತಿಸಲು ನಾಲ್ಕು ಪೊರಕೆ ಕೋಲನ್ನು ಒಂದು ಹೆಜ್ಜೆ ಅಂತರದಲ್ಲಿ ನೆಲದ ಮೇಲಿಟ್ಟು ದಾಟಿಸಿ.

ಭಾಗಮಂಡಲ_ಮಳೆ
ಕೊಡಗಿನ ಮಳೆ ತಿಂಗಳು ಕಕ್ಕಡದಲ್ಲಿ ನಾವು ಮದ್ದು ಸೊಪ್ಪು ತಿನ್ನುತ್ತೇವಲ್ಲ, ನಾಯಿಗೂ ಆ ಪಾಯಸ ಸ್ವಲ್ಪ ಕೊಟ್ಟರೆ ಮೈಕೈ ನೋವಿಗೆ ಒಳ್ಳೆದಲ್ವಾ?

ಪೊನ್ನಂಪೇಟೆ_ನಾಯಿಗೂಡು
ಬೇಡ. ಬೆಲ್ಲ, ತೆಂಗಿನ ಹಾಲು ಸೇರಿ ತೂಕ ಏರುತ್ತೆ, ಕೀಲಿಗೆ ಅದೇ ಶತ್ರು. ಹಂದಿ ಕರಿಯ ಕೊಬ್ಬಿನ ತುಂಡೂ ಬೇಡ. ಒಂದು ಹೊತ್ತು ಜಾಸ್ತಿ ಕೊಬ್ಬು ತಿಂದರೂ ಮೇದೋಜೀರಕ ಗ್ರಂಥಿ ಉರಿದು ನಾಯಿ ವಾಂತಿ ಮಾಡಿ, ಮುಂಗಾಲು ಚಾಚಿ ಹಿಂಭಾಗ ಎತ್ತಿ ನಮಸ್ಕಾರದ ಭಂಗಿಯಲ್ಲಿ ನಿಲ್ಲುತ್ತೆ. ಮಸಾಲೆಯ ಈರುಳ್ಳಿ, ಬೆಳ್ಳುಳ್ಳಿ ಬೇರೆ ರಕ್ತ ಒಡೆಯುತ್ತವೆ. ಕೈಲ್‌ಪೊಳ್ದ್, ಪುತ್ತರಿ ಹಬ್ಬ ಆದ ಮಾರನೇ ದಿನ ಬರುವ ವಾಂತಿಯ ಫೋನ್‌ಗಳಿಗೆ ಕಾರಣ ಇದೇ.

38 ಕೆಜಿ ಲ್ಯಾಬ್ ಅಂದಿರಲ್ಲ. ಅಂಗೈ ಬಿಡಿಸಿ ಪಕ್ಕೆ ಮೇಲೆ ಸವರಿ. ಮುಷ್ಟಿ ಕಟ್ಟಿದಾಗ ಬೆರಳ ಗೆಣ್ಣು ಸಿಗುವಷ್ಟು ಸುಲಭಕ್ಕೆ ಸಿಗದಿದ್ದರೂ, ಬಿಡಿಸಿದ ಕೈಯ ಹಿಂಭಾಗ ಸವರಿದಷ್ಟಾದರೂ ಪಕ್ಕೆಲುಬು ಕೈಗೆ ಸಿಗಬೇಕು. ಸಿಗದಿದ್ದರೆ ತೂಕ ಹೆಚ್ಚು. ನೂರಕ್ಕೆ 6ರಷ್ಟು ಇಳಿದರೂ ಕುಂಟು ಕಡಿಮೆಯಾಗುತ್ತೆ, ಈ ನಾಯಿಗೆ ಅದು ಎರಡೂಕಾಲು ಕೆಜಿ ಅಷ್ಟೆ.

ವಿರಾಜಪೇಟೆ_ಪಗ್
ಮನೆಯಲ್ಲೇ ಕೈಯಲ್ಲಿ ಒತ್ತಿದರೆ ಆಗಲ್ವಾ? ಪ್ರತಿ ವಾರ ಮೈಸೂರಿಗೆ ಹೋಗಿ ಬರುವುದು ಕಷ್ಟ.

ಸೂಜಿ_ವೈದ್ಯೆ_ಮೈಸೂರು
ಒತ್ತಬಹುದು, ಸೂಜಿಯಷ್ಟು ಆಗುವುದಿಲ್ಲ, ಆದರೆ ತೊಂದರೆಯೂ ಇಲ್ಲ. ಎಸ್‌ಟಿ-36ರ ಮೇಲೆ ಹೆಬ್ಬೆರಳಿನಿಂದ, ಬಾಳೆಹಣ್ಣಿನ ಸಿಪ್ಪೆ ಗುಳಿಬೀಳುವಷ್ಟು ಬಲಕ್ಕೆ, 30 ಸೆಕೆಂಡ್ ಒತ್ತಿ ಬಿಡಿ. ಮೂರು ಸಲ. ಒತ್ತುವ ಮುಂಚೆ 10 ನಿಮಿಷ ಬಿಸಿ ಕಾವು ಕೊಡಿ, ಚೀಲವನ್ನು ನಿಮ್ಮ ಮಣಿಕಟ್ಟಿನ ಒಳಬದಿಗೆ ಇಟ್ಟು ನೋಡಿ, ನಿಮಗೆ ತಡೆಯಲಾಗದ್ದು ಅದಕ್ಕೂ ತಡೆಯಲಾಗದು. ಕಾಲಿನ ಸ್ಪರ್ಶ ಹೋದ ನಾಯಿಗೆ ಬಿಸಿ ಬೇಡ, ಸುಟ್ಟರೂ ಅದಕ್ಕೆ ಗೊತ್ತಾಗುವುದಿಲ್ಲ. ಮಾಚಿಪತ್ರೆ ಜಾತಿಯ ಗಿಡ ಒಣಗಿಸಿ ಬತ್ತಿ ಕಟ್ಟಿ ಕಾವು ಕೊಡುವ ಮಾಕ್ಸಾ ಪದ್ಧತಿಯೂ ಇದೆ, ಥಂಡಿಗೆ ಹೆಚ್ಚುವ ನೋವಿಗೆ ಬಳಸುತ್ತೇವೆ. ಕೂದಲಿಗೆ ಕಿಡಿ ಬಿದ್ದರೆ ಕಷ್ಟ, ಮನೆಯಲ್ಲಿ ಮಾಡಬೇಡಿ.

ಪ್ರಯಾಣದ ವಿಷಯ ನಿಜ. ಹೋಗಿ ಬರುವ 240 ಕಿ.ಮೀ. ಅಲುಗಾಟದಲ್ಲಿ ಸೂಜಿಯ ಲಾಭ ಹೋಗಬಹುದು. ಮೊದಲ ಸಲ ಬಂದು ತೋರಿಸಿ, ಆಮೇಲೆ 10 ದಿನಕ್ಕೊಮ್ಮೆ ಮಾಡಿಸಿದರೂ ನಡೆಯುತ್ತೆ. ಹೊಟ್ಟೆ ತುಂಬಾ ತಿನ್ನಿಸಿ ಕರೆತರಬೇಡಿ. ಸೂಜಿ ಆದ ದಿನ ನಿದ್ದೆ ಹೆಚ್ಚು. ಕೆಲವಕ್ಕೆ ಒಂದೆರಡು ದಿನ ನೋವು ಜಾಸ್ತಿಯಾಗಿ ಆಮೇಲೆ ಇಳಿಯುತ್ತೆ. ಮೂರನೇ ದಿನವೂ ಇಳಿಯದಿದ್ದರೆ ಫೋನ್ ಮಾಡಿ.

ಶನಿವಾರಸಂತೆ_ಹೈನು
1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತಲ್ಲ, ಅವರು ಮಾಡಲ್ವಾ?

ಕುಶಾಲನಗರ_ಪಶುವೈದ್ಯ
ಅದು ಮುಖ್ಯವಾಗಿ ದನಕರುಗಳ ತುರ್ತು ಚಿಕಿತ್ಸೆಗೆ. ಸೂಜಿ ಚಿಕಿತ್ಸೆಯ ಕೆಲಸ ಅದರದ್ದಲ್ಲ.

ಮೂರ್ನಾಡು_ತೋಟದಮನೆ
ಎಲ್ಲರಿಗೂ ಕೃತಜ್ಞತೆ. ಡಾಕ್ಟ್ರೇ, ಪಾದ ಮಗುಚುವ ಪರೀಕ್ಷೆ ಮಾಡಿದೆವು. ಬಲಗಾಲು ತಕ್ಷಣ ತಿರುಗಿಸಿತು. ಎಡಗಾಲು ಮೂರೂ ಸಲ 2–3 ಸೆಕೆಂಡ್ ಹಾಗೇ ಇತ್ತು. ನಡುವಿನ ಎರಡು ಉಗುರು ಓರೆಯಾಗಿ ಸವೆದಿದೆ. ಬಾಲದ ಬುಡದ ಮೇಲೆ ಒತ್ತಿದರೆ ತಿರುಗಿ ನೋಡಿ ಕೂರುತ್ತೆ. ಪ್ಲೇಟ್‌ಲೆಟ್ ಸ್ಲೈಡಿನಲ್ಲಿ 2.1 ಲಕ್ಷ, ವಸಡಿನಲ್ಲಿ ಚುಕ್ಕೆ ಇಲ್ಲ. ಮ್ಯಾಟ್ ಹಾಸಿದ್ದೇವೆ.

ಕುಶಾಲನಗರ_ಪಶುವೈದ್ಯ
ಚೆನ್ನಾಗಿ ನೋಡಿದ್ದೀರಿ. ಬಾಲದ ಬುಡದಲ್ಲಿ ನೋವು, ಒಂದೇ ಕಾಲಿನಲ್ಲಿ ತಡ. ಸೊಂಟ ಮತ್ತು ತ್ರಿಕಾಸ್ಥಿ ಸೇರುವಲ್ಲಿ ನರಕ್ಕೆ ಒತ್ತಡ ಇದೆ ಅನ್ನಿಸುತ್ತೆ. ನೋವಿರುವುದೇ ಒಂದು ಲೆಕ್ಕಕ್ಕೆ ಒಳ್ಳೆಯ ಸೂಚನೆ. ಜರ್ಮನ್ ಶೆಫರ್ಡ್‌ಗಳಲ್ಲಿ ಹೆಚ್ಚಾಗಿ ಬರುವ ಬೆನ್ನುಹುರಿ ಕ್ಷೀಣಿಸುವ ರೋಗದಲ್ಲಿ ನೋವೇ ಇರುವುದಿಲ್ಲ, ಅದನ್ನು ಸೂಜಿಯೂ ನಿಲ್ಲಿಸುವುದಿಲ್ಲ, ಔಷಧವೂ ನಿಲ್ಲಿಸುವುದಿಲ್ಲ. ಖಚಿತವಾಗಲು ಎಂಆರ್‌ಐ ಬೇಕು. 4 ವಾರ ವಿಶ್ರಾಂತಿ, ಗ್ಯಾಬಪೆಂಟಿನ್, ಸೂಜಿ ಮಾಡಿ ನೋಡಬಹುದು. ಅಷ್ಟರೊಳಗೆ ಬಲಗಾಲೂ ತಡ ಮಾಡಿದರೆ, ಅಥವಾ ಬಾಲ ಎತ್ತದಿದ್ದರೆ, ಮಲ ಗೊತ್ತಿಲ್ಲದೆ ಬಿದ್ದರೆ ಕಾಯಬೇಡಿ, ಎಂಆರ್‌ಐಗೆ ಹೋಗಿ.

ಮೂತ್ರದ ಬಗ್ಗೆ ಒಂದು ಎಚ್ಚರಿಕೆ. ನಾಯಿ ಮಲಗಿದಲ್ಲೇ ತೊಟ್ಟಿಕ್ಕಿದರೆ ಹೋಗುತ್ತಿದೆ ಅಂತ ಸಮಾಧಾನ ಪಡಬೇಡಿ. ತುಂಬಿದ ಮೂತ್ರಚೀಲದಿಂದ ಉಕ್ಕಿ ಬರುವುದೂ ಹಾಗೇ ಕಾಣುತ್ತೆ. ಹಿಂಗಾಲುಗಳ ಮುಂದೆ ಹೊಟ್ಟೆಯನ್ನು ಎರಡೂ ಅಂಗೈಯಿಂದ ಮೆಲ್ಲಗೆ ಹಿಡಿದರೆ ಕಿತ್ತಳೆ ಹಣ್ಣಿನಂಥ ಗುಂಡು ಸಿಕ್ಕರೆ ಚೀಲ ಖಾಲಿಯಾಗಿಲ್ಲ. ಆಗ 6ರಿಂದ 8 ಗಂಟೆಗೊಮ್ಮೆ ಒತ್ತಿ ಖಾಲಿ ಮಾಡಬೇಕು, ಹೇಗೆ ಅಂತ ಬಂದರೆ ಕೈ ಹಿಡಿದು ತೋರಿಸುತ್ತೇನೆ. ಜೋರಾಗಿ ಒತ್ತಿದರೆ ಚೀಲ ಒಡೆಯುತ್ತೆ.

ಲೆಕ್ಕ_ಕೇಳುವವ
ಸೂಜಿ ಶುರು ಮಾಡುವ ಮೊದಲು ಐದು ವಿಷಯ ಬರೆದಿಡಿ: ಬೆಳಗ್ಗೆ ಏಳಲು ಎಷ್ಟು ಸೆಕೆಂಡ್, ಎಡಪಾದ ತಿರುಗಿಸಲು ಎಷ್ಟು ಸೆಕೆಂಡ್, ನೂರು ಹೆಜ್ಜೆಯಲ್ಲಿ ಉಗುರು ಎಷ್ಟು ಸಲ ಉಜ್ಜಿತು, ಮೆಟ್ಟಿಲು ಹತ್ತಿತಾ, ರಾತ್ರಿ ಎಷ್ಟು ಸಲ ಜಾಗ ಬದಲಿಸಿತು. ವಾರಕ್ಕೊಂದು ದಿನ, ಅದೇ ಹೊತ್ತಿಗೆ, ಅದೇ ನೆಲದಲ್ಲಿ. ಸೂಜಿ ಶುರು ಮಾಡಿದ ವಾರವೇ ಹೊಸ ಔಷಧ ಬೇರೆ ಸೇರಿಸಬೇಡಿ, ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಮೂರ್ನಾಡು_ತೋಟದಮನೆ
ಹಾಗೇ ಮಾಡುತ್ತೇನೆ ಸರ್. ಗ್ಯಾಬಪೆಂಟಿನ್ ನಾಳೆಯಿಂದ, ಸೂಜಿ ಎರಡು ವಾರ ಬಿಟ್ಟು. ಸೂಜಿ ಹಾಕುವಾಗ ನಾವು ಪಕ್ಕದಲ್ಲಿದ್ದು ಏನು ಮಾಡಬೇಕು?

ಸೂಜಿ_ವೈದ್ಯೆ_ಮೈಸೂರು
ತಲೆಯ ಹತ್ತಿರ ಕೂತು ಅದರ ಗಮನ ನಿಮ್ಮ ಕಡೆ ಇರಲಿ. ಹಿಂದಿನಿಂದ ಓಡಿಬರುವ ಮಕ್ಕಳು, ಬೇರೆ ನಾಯಿ ಬೇಡ. ಒದರಿಕೊಳ್ಳಲು ಎದ್ದರೆ ಸೂಜಿ ಚೆಲ್ಲುತ್ತೆ. ಅದು ಒದರುವ ಮುಂಚೆ ತಲೆ ಒಂದು ಕಡೆ ವಾಲಿಸುತ್ತೆ, ಆಗಲೇ ಕಿವಿಯ ಬುಡ ಹಿಡಿಯಿರಿ, ನಿಲ್ಲುತ್ತೆ. ಸೂಜಿ ಬಾಗಿ ಸಿಕ್ಕಿಕೊಂಡರೆ ಎಳೆಯಬೇಡಿ, ಸ್ನಾಯು ಸಡಿಲವಾಗುವ ತನಕ ಎರಡು ನಿಮಿಷ ನಾವೇ ಕಾಯುತ್ತೇವೆ. ಹಾಕುವಾಗ ಎಷ್ಟು ಅಂತ ಜೋರಾಗಿ ಎಣಿಸುತ್ತೇವೆ, ನೀವೂ ಎಣಿಸಿ, ತೆಗೆಯುವಾಗಲೂ ಎಣಿಸಿ. ಲ್ಯಾಬ್‌ನ ದಟ್ಟ ಕೂದಲಲ್ಲಿ ಒಂದು ಉಳಿದು, ದಾರಿಯಲ್ಲಿ ಅದು ನೆಕ್ಕಿ ನುಂಗಿದರೆ ಎಕ್ಸ್‌ರೇ ತೆಗೆದು ಹುಡುಕಬೇಕಾಗುತ್ತೆ. 16 ಹಾಕಿದ್ದರೆ 16 ಡಬ್ಬಿಗೆ ಬಿದ್ದ ಮೇಲೆಯೇ ನಾಯಿಯನ್ನು ಮೇಜಿನಿಂದ ಇಳಿಸಿ.